ಪುಣೆಯಿಂದ ಹುಬ್ಬಳ್ಳಿಗೆ ವಿಮಾನ: ಅವ್ವನಿಗೆ ಹೊತ್ತು ಹೇಳುವ ಮೊದಲು ಹಾಕುವ ಲೆಕ್ಕ

ವಿಮಾನದ ಟಿಕೆಟ್ ತೆಗೆಸಿದೆ ಅಂದ ಕೂಡಲೇ ಧಾರವಾಡದಿಂದ ಅವ್ವ ಕೇಳುವುದು ಒಂದೇ ಮಾತು: "ಎಷ್ಟೊತ್ತಿಗೆ ಮುಟ್ಟತಿ?" ಒಮ್ಮೆ ಬಾಯಿಗೆ ಬಂದ ಹೊತ್ತು ಹೇಳಿಬಿಟ್ಟೆ. ಅವತ್ತು ಅವ್ವ ರೊಟ್ಟಿ ಬಡಿದು, ಬಟ್ಟೆಯಲ್ಲಿ ಸುತ್ತಿಟ್ಟು, ಎರಡು ತಾಸು ಉಣ್ಣದೆ ಕಾದಿದ್ದಳು. ಅಂದಿನಿಂದ ಲೆಕ್ಕ ಹಾಕದೆ ಹೊತ್ತು ಹೇಳುವುದಿಲ್ಲ.

ಪುಣೆಯ ಕಾತ್ರಜ್‌ನ ಮನೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಈ ಲೆಕ್ಕಕ್ಕೆ ಅಷ್ಟು ಗಣಿತ ಸಾಕು.

ಫೋನಿನ ಮ್ಯಾಪಿನಲ್ಲಿ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶ ಸಿಗುತ್ತವೆ. ಪುಣೆಯ ಲೋಹಗಾಂವ್ 18.58, 73.92. ಹುಬ್ಬಳ್ಳಿ 15.36, 75.08. ಅಕ್ಷಾಂಶದ ವ್ಯತ್ಯಾಸ 3.22, ಒಂದು ಡಿಗ್ರಿಗೆ 111 ಕಿ.ಮೀ., ಅಂದರೆ 357. ರೇಖಾಂಶದ್ದು 1.16. ಧ್ರುವದ ಕಡೆಗೆ ಹೋದಂತೆ ರೇಖಾಂಶಗಳು ಹತ್ತಿರವಾಗುತ್ತವಾದ್ದರಿಂದ ಅದನ್ನು 111ರಿಂದ, ಮತ್ತೆ 0.95ರಿಂದ ಗುಣಿಸಬೇಕು: 122. ನಮ್ಮ ಭಾಗಕ್ಕೆ ಈ 0.95 ನಡೆಯುತ್ತದೆ. ಇನ್ನು ಪೈಥಾಗೊರಸ್: ಎರಡರ ವರ್ಗ ಕೂಡಿಸಿ ಮೂಲ ತೆಗೆದರೆ 377 ಕಿ.ಮೀ. ಸತಾರಾ, ಕೊಲ್ಹಾಪುರ, ಬೆಳಗಾವಿ ಹಾದು ಹೋಗುವ ರಸ್ತೆಯಾದರೆ ಸುಮಾರು 430.

ಈಗ ಹೊತ್ತು. ಎಟಿಆರ್ ಅನ್ನುವ, ರೆಕ್ಕೆಗಳಲ್ಲಿ ಪಂಖ ತಿರುಗುವ ಸಣ್ಣ ವಿಮಾನ ತಾಸಿಗೆ ಸುಮಾರು 500 ಕಿ.ಮೀ. ಹೋಗುತ್ತದೆ, ಜೆಟ್ಟು 800ರ ಮೇಲೆ. ಭಾಗಿಸಿದರೆ ಎಟಿಆರ್‌ಗೆ 45 ನಿಮಿಷ, ಜೆಟ್ಟಿಗೆ 28. ಎರಡಕ್ಕೂ ಅರ್ಧ ತಾಸು ಸೇರಿಸಿ. ಟಿಕೆಟ್ಟಿನ ಹೊತ್ತು ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಆ ಕಡೆ ಹೋಗಿ ನಿಲ್ಲುವವರೆಗಿನದು. ರನ್‌ವೇವರೆಗೆ ತೆವಳುವುದು, ಏರುವುದು, ಸುತ್ತುಹಾಕಿ ಇಳಿಯುವುದು ಎಲ್ಲ ಅದರೊಳಗೇ ಬರುತ್ತವೆ. ಲೋಹಗಾಂವ್ ವಾಯುಪಡೆಯ ನೆಲೆಯೂ ಹೌದು, ರನ್‌ವೇ ಅವರಿಗೂ ಬೇಕು. ಒಟ್ಟು ಒಂದೂಕಾಲು ತಾಸು, ಇಲ್ಲವೆ ಒಂದು ತಾಸು. ಇಷ್ಟು ಹತ್ತಿರದ ಊರಿಗೆ ಜೆಟ್ಟೇ ಬೇಕು ಅಂತ ಹೆಚ್ಚು ದುಡ್ಡು ಕೊಡಬೇಡಿ.

ನೇರ ವಿಮಾನ ಹೌದೋ ಅಲ್ಲವೋ ಅನ್ನುವುದನ್ನು ಮಾತ್ರ ಎರಡೆರಡು ಸಲ ನೋಡಿ. ನನ್ನ ರೊಟ್ಟಿ ಆರಿದ್ದು ಇಲ್ಲೇ. ಬೆಂಗಳೂರಿನ ಮೇಲೆ ಹೋದರೆ ಪುಣೆ–ಬೆಂಗಳೂರು 720, ಅಲ್ಲಿಂದ ಹುಬ್ಬಳ್ಳಿಗೆ 370, ಒಟ್ಟು 1,090 ಕಿ.ಮೀ. ನೇರ ದಾರಿಯ ಹತ್ತಿರ ಹತ್ತಿರ ಮೂರು ಪಟ್ಟು! ನಡುವೆ ಕಾಯುವ ತಾಸುಗಳು ಬೇರೆ. ಅದಕ್ಕಿಂತ ರಾತ್ರಿ ಬಸ್ಸಿನಲ್ಲಿ ಮಲಗಿ ಹೋಗುವುದು ಎಷ್ಟೋ ವಾಸಿ, ಅದರಲ್ಲೂ ಬೆಂಗಳೂರು ಹೆದ್ದಾರಿ ಮಗ್ಗುಲಲ್ಲೇ ಇರುವ ನಮ್ಮಂಥವರಿಗೆ.

ಕೊನೆಗೆ ನೆಲದ ಲೆಕ್ಕ. ಕಾತ್ರಜ್ ಊರಿನ ದಕ್ಷಿಣಕ್ಕೆ, ಲೋಹಗಾಂವ್ ಈಶಾನ್ಯಕ್ಕೆ. ಹುಬ್ಬಳ್ಳಿಗೆ ಹೋಗಲು ಮೊದಲು ಹುಬ್ಬಳ್ಳಿಯಿಂದ ದೂರ ಹೋಗಬೇಕು! ಅದಕ್ಕೆ ಒಂದೂವರೆ ತಾಸು ಇಟ್ಟುಕೊಳ್ಳುತ್ತೇನೆ. ಬ್ಯಾಗು ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ತಾಸು ಮೊದಲೇ ಮುಚ್ಚುವುದರಿಂದ ಅಲ್ಲಿ ಇನ್ನೂ ಒಂದೂವರೆ ತಾಸು.

ಹತ್ತಕ್ಕೆ ವಿಮಾನ ಅಂದರೆ ಏಳಕ್ಕೆ ಮನೆ ಬಿಡುವುದು. 11.15ಕ್ಕೆ ಹುಬ್ಬಳ್ಳಿ, ಬ್ಯಾಗಿಗೆ ಅರ್ಧ ತಾಸು, ನಿಲ್ದಾಣವಿರುವ ಗೋಕುಲ ರಸ್ತೆಯಿಂದ ಧಾರವಾಡಕ್ಕೆ ಮುಕ್ಕಾಲು ತಾಸು. ಹನ್ನೆರಡೂವರೆ. ಅವ್ವನಿಗೆ "ಒಂದಕ್ಕ ರೊಟ್ಟಿ ಬಡಿ" ಅನ್ನುತ್ತೇನೆ.