ನೆಲದಡಿಯ ನೀರು ಯಾರದು? ಹೈಸ್ಕೂಲಿನಲ್ಲಿ ತತ್ತ್ವಚಿಂತನೆಯ ಒಂದು ಪೀರಿಯಡ್

ಎಂಟು, ಒಂಬತ್ತನೇ ತರಗತಿಯವರಿಗೆ ತತ್ತ್ವಶಾಸ್ತ್ರವನ್ನು ಶಂಕರ, ಪ್ಲೇಟೋ ಎಂದು ಹೆಸರುಗಳಿಂದ ಶುರು ಮಾಡಬೇಡಿ. ಮಕ್ಕಳು ಬಾಯಿಪಾಠ ಮಾಡಿ ಬರೆದುಬಿಡುತ್ತಾರೆ, ಯೋಚನೆ ಹುಟ್ಟುವುದೇ ಇಲ್ಲ. ಮಕ್ಕಳೇ ವೃತ್ತದಲ್ಲಿ ಕೂತು, ತಾವೇ ಪ್ರಶ್ನೆ ಎತ್ತಿ ವಿಚಾರ ಮಾಡುವ ಕ್ರಮವನ್ನು ಅಮೆರಿಕದ ಮ್ಯಾಥ್ಯೂ ಲಿಪ್‌ಮನ್ 1970ರ ದಶಕದಲ್ಲಿ ರೂಪಿಸಿದರು. ಕೋಲಾರದ ಶಾಲೆಗೂ ಅದು ಚೆನ್ನಾಗಿ ಒಗ್ಗುತ್ತದೆ.

40 ನಿಮಿಷ ಸಾಕು. ಮೊದಲ 5 ನಿಮಿಷ ಒಂದು ಕಲ್ಪಿತ ಸಂಗತಿ ಹೇಳಿ: ಅಕ್ಕಪಕ್ಕದ ಎರಡು ಹೊಲ. ಒಬ್ಬ 1,200 ಅಡಿ ಬೋರ್ ಕೊರೆಸಿದ. ತಿಂಗಳೊಳಗೆ ಪಕ್ಕದವನ 700 ಅಡಿಯ ಬೋರ್ ಬತ್ತಿತು. ಊರಿನವರ ಹೆಸರು ಬೇಡ, ಚರ್ಚೆ ಜಗಳವಾಗುತ್ತದೆ.

ಮುಂದಿನ 10 ನಿಮಿಷ ಮಕ್ಕಳ ಪ್ರಶ್ನೆಗಳನ್ನು ಅವರ ಮಾತಲ್ಲೇ ಬೋರ್ಡಿಗೆ ಬರೆಯಿರಿ. 'ಎಷ್ಟು ಅಡಿಗೆ ನೀರು ಸಿಗುತ್ತೆ?' ಎಂಬುದಕ್ಕೆ ರಿಗ್ ಲಾರಿಯವರು ಉತ್ತರ ಹೇಳಬಲ್ಲರು. 'ನೆಲ ನಂದಾದ್ರೆ ನೀರೂ ನಂದಾ?' ಎಂಬುದಕ್ಕೆ ಯೋಚಿಸಿಯೇ ತೀರಬೇಕು. ಅಂಥದ್ದನ್ನು ಕೈ ಎತ್ತಿಸಿ ಆರಿಸಿ.

ಚರ್ಚೆಗೆ 20 ನಿಮಿಷ. ಇಲ್ಲಿ ನ್ಯಾಯದರ್ಶನ, ಅಂದರೆ ಭಾರತೀಯ ತರ್ಕಶಾಸ್ತ್ರ, ವಾದಕ್ಕೆ ಹೇಳುವ ಐದು ಅವಯವಗಳಲ್ಲಿ (ಭಾಗಗಳಲ್ಲಿ) ಮೊದಲ ಮೂರು ಬಹಳ ಉಪಯೋಗಕ್ಕೆ ಬರುತ್ತವೆ. ಪ್ರತಿಜ್ಞೆ (ಸಾಧಿಸಬೇಕಾದ ಮಾತು): ನೀರು ಎಲ್ಲರದು. ಹೇತು (ಕಾರಣ): ಅದು ಬದು ನೋಡಿ ನಿಲ್ಲುವುದಿಲ್ಲ. ಉದಾಹರಣೆ: ಗಾಳಿಯ ಹಾಗೆ. ಯಾರಾದರೂ 'ನಮ್ಮ ಕೋಳಿನೂ ಬೇಲಿ ದಾಟುತ್ತೆ, ಅದು ಎಲ್ಲರದಾ?' ಎಂದರೆ ನಗಬೇಡಿ, ನಗಲೂ ಬಿಡಬೇಡಿ. ಕೋಳಿಯ ವಿಷಯದಲ್ಲಿ ಹೇತು ಇದೆ (ಬೇಲಿ ದಾಟುತ್ತೆ), ಪ್ರತಿಜ್ಞೆ ಹೇಳಿದ್ದು ಇಲ್ಲ (ಎಲ್ಲರದಲ್ಲ). ನೈಯಾಯಿಕರು, ಅಂದರೆ ನ್ಯಾಯದರ್ಶನದ ಪಂಡಿತರು, ಸವ್ಯಭಿಚಾರ ಎನ್ನುವ ದೋಷ ಇದೇ. 'ಕೋಳಿಗೂ ನೀರಿಗೂ ಏನು ವ್ಯತ್ಯಾಸ?' ಎಂದಷ್ಟೇ ಕೇಳಿ. ಸಾಕಿದ್ದು, ತಾನಾಗಿ ಬಂದದ್ದು ಎಂಬ ಭೇದ ಅವರಿಂದಲೇ ಹೊರಡಲಿ.

ಕೆಡುವುದು ಹೆಚ್ಚಾಗಿ ಮೇಷ್ಟರಿಂದಲೇ. ತರಗತಿ ಸುಮ್ಮನಾದೊಡನೆ ಉತ್ತರ ಹೇಳಿಬಿಡುತ್ತಾರೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು 1 ಸೆಕೆಂಡ್, 3 ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅಧ್ಯಯನ ಮಾಡಿ ತೋರಿಸಿದ್ದಾರೆ. ಮನಸ್ಸಿನಲ್ಲೇ ಹತ್ತು ಎಣಿಸಿ. 'ಅವರವರಿಗೆ ಅವರವರದು ಸರಿ' ಎಂದು ಮಕ್ಕಳು ಕೈತೊಳೆದುಕೊಂಡರೆ, ಬೋರ್ ಬತ್ತಿದವನಿಗೂ ಹಾಗೇ ಹೇಳ್ತೀರಾ ಎಂದು ಕೇಳಿ. 50 ಮಕ್ಕಳಿದ್ದರೆ 15 ಮಂದಿ ಒಳಸುತ್ತಿನಲ್ಲಿ ಮಾತಾಡಲಿ, ಉಳಿದವರು ಹೊರಸುತ್ತಿನಲ್ಲಿ ಕೂತು ಕಾರಣಗಳನ್ನು ಬರೆದುಕೊಳ್ಳಲಿ.

ಕೊನೆಯ 5 ನಿಮಿಷ ಎರಡೇ ಸಾಲು ಬರೆಸಿ: 'ಮೊದಲು ಹೀಗಂದುಕೊಂಡಿದ್ದೆ, ಈಗ ಹೀಗನ್ನಿಸುತ್ತೆ, ಯಾಕೆಂದರೆ...' ಅಂಕ ಕೊಡಬೇಡಿ. ಕೊಟ್ಟರೆ ಮುಂದಿನ ವಾರ ನಿಮಗಿಷ್ಟವಾಗುವುದನ್ನೇ ಬರೆಯುತ್ತಾರೆ.

ಆ ವಾರಕ್ಕೂ ವಿಷಯ ಹತ್ತಿರದಲ್ಲೇ ಇದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಒಬ್ಬರಿಗೆ ಬೇಡವಾದದ್ದನ್ನು ಇನ್ನೊಬ್ಬರಿಗೆ ಕೊಟ್ಟರೆ ಅದು ಉಪಕಾರವೇ?