ಪೊಲೀಸ್ ನೋಟ್ ಇಂಗ್ಲಿಷ್ ಬಿಟ್ಟೆ, ಸುದ್ದಿ ಅಚ್ಚಾಗತೊಡಗಿತು: ನನ್ನ ಅನುಭವ

‘ಇದು ನ್ಯೂಸ್ ಇಂಗ್ಲಿಷ್ ಅಲ್ಲ ಮಾರಾಯ, ಬಸ್‌ಸ್ಟ್ಯಾಂಡ್ ಇಂಗ್ಲಿಷ್’ ಅಂತ, ಮಾತಾಡುವ ಹಾಗೆ ಬರೆದ ನನ್ನ ಸುದ್ದಿ ನೋಡಿ ಶಿವಮೊಗ್ಗದ ಹಿರಿಯ ವರದಿಗಾರರೊಬ್ಬರು ನಕ್ಕಿದ್ದರು. ಈಗ ಅದೇ ಇಂಗ್ಲಿಷ್, ಪತ್ರಿಕೆಯಲ್ಲಿ ಸುದ್ದಿ ತಿದ್ದುವ ಡೆಸ್ಕ್‌ನಲ್ಲಿ ಹೆಚ್ಚು ಕಮ್ಮಿ ಹಾಗೇ ಪಾಸ್ ಆಗುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಇಂಗ್ಲಿಷ್ ಡೆಸ್ಕ್‌ಗಳಿಗೆ ಸುದ್ದಿ ಕಳಿಸುವ ಸ್ಟ್ರಿಂಗರ್, ಅಂದರೆ ಸಂಬಳವಿಲ್ಲದ ಬಿಡಿ ವರದಿಗಾರ. ಅಚ್ಚಾದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಒಂದಕ್ಕೆ ಮುನ್ನೂರೋ ನಾನೂರೋ ರೂಪಾಯಿ. ಸಾಗರಕ್ಕೆ ಬೈಕ್‌ನಲ್ಲಿ ಹೋಗಿ ಬಂದರೆ ಅದು ಪೆಟ್ರೋಲ್‌ಗೇ ಸರಿಹೋಗುತ್ತಿತ್ತು. ಹತ್ತು ಕಳಿಸಿದರೆ ಮೂರೋ ನಾಲ್ಕೋ ಬರುತ್ತಿತ್ತು, ಅಷ್ಟೇ.

ನಮ್ಮ ಕಾಪಿ, ಅಂದರೆ ಬರೆದು ಕಳಿಸುವ ಸುದ್ದಿ, ಹೇಗಿರುತ್ತಿತ್ತು ಗೊತ್ತಾ? ಪೊಲೀಸರು ಕೊಡುವ ನೋಟ್‌ನ ಇಂಗ್ಲಿಷೇ. ‘ಮಿಸ್‌ಕ್ರಿಯೆಂಟ್ಸ್ ಡಿಕ್ಯಾಂಪ್ಡ್ ವಿತ್ ದಿ ಬೂಟಿ’, ಅಂದರೆ ಕಳ್ಳರು ಮಾಲಿನೊಂದಿಗೆ ಪರಾರಿ. ಈ ಭೂಮಿ ಮೇಲೆ ಯಾರಾದರೂ ಹೀಗೆ ಮಾತಾಡುತ್ತಾರಾ?

ಮೊದಲು ಸಿನಿಮಾ ಇಂಗ್ಲಿಷ್ ಹಿಡಿದೆ. ‘ಗಾನ್ನ’, ‘ಬಸ್ಟೆಡ್’, ‘ಗೈಸ್’. ತೀರ್ಥಹಳ್ಳಿಯ ಅಡಿಕೆ ಕಳ್ಳತನಕ್ಕೆ ನ್ಯೂಯಾರ್ಕ್ ಭಾಷೆ! ಒಂದು ತಿಂಗಳು ಹೆಚ್ಚು ಕಡಿಮೆ ಏನೂ ಅಚ್ಚಾಗಲಿಲ್ಲ. ಆಮೇಲೆ ಗ್ರಾಮರ್ ಸರಿಮಾಡುವ ಸಾಫ್ಟ್‌ವೇರ್‌ಗೆ ವರ್ಷದ ಚಂದಾ ಕಟ್ಟಿದೆ, ಆರೇಳು ಸಾವಿರ. ನಾನು ‘ಡಿಡಂಟ್’ ಅಂತ ಹಾಕಿದರೆ ಅದು ‘ಡಿಡ್ ನಾಟ್’ ಮಾಡುತ್ತಿತ್ತು. ದುಡ್ಡು ತುಂಗೆಗೆ ಹೋಯಿತು.

ಕೆಲಸ ಮಾಡಿದ್ದು ಬರೀ ಫೋನು. ಬರೆಯುವ ಮೊದಲು ಬೆಂಗಳೂರಿನಲ್ಲಿರುವ ಅಕ್ಕನ ಮಗಳಿಗೆ ಫೋನ್ ಮಾಡಿ ಸುದ್ದಿಯನ್ನು ಇಂಗ್ಲಿಷ್‌ನಲ್ಲೇ ಹೇಳುತ್ತೇನೆ. ಕಾಲ್ ರೆಕಾರ್ಡ್ ಆಗುತ್ತಿರುತ್ತದೆ, ಅವಳಿಗೆ ಗೊತ್ತು. ‘ಮಾವ, ಯಾರು? ಎಷ್ಟು ಮೂಟೆ?’ ಅಂತ ಅವಳು ಮಧ್ಯೆ ಬಾಯಿ ಹಾಕಿದ ಜಾಗದಲ್ಲೇ ನನ್ನ ಲೀಡ್, ಅಂದರೆ ಸುದ್ದಿಯ ಮೊದಲ ಸಾಲು, ಇರುತ್ತದೆ. ಆಮೇಲೆ ಮೊದಲ ಒಂದು ನಿಮಿಷ ಕೇಳಿ ಹಾಗೇ ಇಳಿಸುವುದು. ‘ಥೀವ್ಸ್ ಗಾಟ್ ಅವೇ ವಿತ್’ ಅಂತ ತಾನಾಗಿ ಬರುತ್ತದೆ. ಅವಳು ಸಿಗದ ದಿನ ಏನು ಮಾಡುತ್ತೇನೆ ಅನ್ನುವುದನ್ನು ಮಾತ್ರ ಹೇಳಲ್ಲ, ಅದು ನನ್ನ ಹೊಟ್ಟೆಪಾಡು.

ನಕ್ಕಿದ್ದ ಆ ಹಿರಿಯರಿಗೆ ಒಂದು ಮಾತು ಹೇಳಿದೆ: 1940ರ ದಶಕದ ಕೊನೆಗೇ ಅಮೆರಿಕದ ಎಪಿ ಸುದ್ದಿಸಂಸ್ಥೆ ತನ್ನ ಬರವಣಿಗೆ ಸರಳ ಮಾಡಲು ರುಡಾಲ್ಫ್ ಫ್ಲೆಶ್ ಅವರ ಸಲಹೆ ಪಡೆದಿತ್ತು. ಮಾತಾಡುವ ಹಾಗೆ ಬರೆಯಿರಿ ಅನ್ನುತ್ತಿದ್ದವರು ಅವರು. ಹಿರಿಯರು ಕಾಫಿ ಕುಡಿದು ಎದ್ದು ಹೋದರು.

ಎಲ್ಲ ಕಡೆ ಇದು ನಡೆಯುವುದಿಲ್ಲ. ‘ಅಕ್ಯೂಸ್ಡ್’ (ಆರೋಪಿ) ಅನ್ನುವುದನ್ನು ಮುಟ್ಟಬೇಡಿ. ಸಿಕ್ಕಿಬಿದ್ದವನನ್ನು ಬಾಯಿಮಾತಿನಲ್ಲಿ ಕಳ್ಳ ಅನ್ನಬಹುದು, ಕಾಪಿಯಲ್ಲಿ ಅಂದರೆ ನೋಟಿಸ್ ಬರುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೋ ಕೇಸಿನಲ್ಲಂತೂ ಮಗುವಿನ ಶಾಲೆ, ಬೀದಿ, ಸಂಬಂಧಿಕರು ಯಾವುದೂ ಬರಕೂಡದು. ಮಾತಿನ ಓಘದಲ್ಲಿ ಇವೆಲ್ಲ ಬಾಯಿಗೆ ಬಂದುಬಿಡುತ್ತವೆ. ಸಾವಿನ ಸುದ್ದಿಗೆ ‘ಕಿಡ್’ ಹಾಕಲ್ಲ, ‘ಬಾಯ್’ ಅಂತಲೇ ಬರೆಯುತ್ತೇನೆ. ಮಂಗನ ಕಾಯಿಲೆ ಸುದ್ದಿಯಲ್ಲೂ ತಮಾಷೆಯ ಧಾಟಿ ಬೇಡ.

ಇದೇ ಉಪಾಯವನ್ನು ಅಂಕಿಗಳ ಮೇಲೂ ಆಡಿ ನೋಡಿದೆ. ಲಿಂಗನಮಕ್ಕಿ ಜಲಾಶಯದಲ್ಲಿ 1,810 ಅಡಿ ನೀರು ಅಂದರೆ ಬೆಂಗಳೂರಿನವರಿಗೆ ಏನು ತಿಳಿಯುತ್ತದೆ? ಭರ್ತಿ ಮಟ್ಟ 1,819. ಸುಮ್ನೆ ‘ನೈನ್ ಫೀಟ್ ಟು ಗೋ’ ಅಂತ ಬರೆದೆ, ಅದೇ ಹೆಡ್‌ಲೈನ್ ಆಯಿತು! ಅಡಿಕೆ ಮಾರುಕಟ್ಟೆಯಲ್ಲಿ ಮಾತ್ರ ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಅಡಿಕೆ ಬಗೆಗಳ ಹೆಸರು ಹಾಗೇ ಇರಲಿ ಅಂತ ಹಠ ಹಿಡಿದೆ. ವ್ಯಾಪಾರಿಗಳು ಇಂಗ್ಲಿಷ್‌ನಲ್ಲಿ ಮಾತಾಡುವಾಗಲೂ ಅವನ್ನು ಬದಲಿಸುವುದಿಲ್ಲ. ಕನ್ನಡ ಕಾಪಿಗೂ ಹೀಗೇ ಮಾಡಲು ಹೋದೆ, ನಮ್ಮ ಮಲೆನಾಡಿನ ‘ಹೌದನಾ’ ಎಲ್ಲ ಲೀಡ್‌ಗೆ ನುಗ್ಗಿತು. ಕೈಬಿಟ್ಟೆ.

ಈಗ ಹತ್ತರಲ್ಲಿ ಏಳಂತೂ ಅಚ್ಚಾಗುತ್ತವೆ. ಪಕ್ಕದ ಜಿಲ್ಲೆಗಳ ಕಾಪಿಯನ್ನೂ ತಿದ್ದಿಕೊಡು ಅಂತ ಡೆಸ್ಕ್‌ನವರು ಕೇಳಿದ್ದಾರೆ. ಒಂದಕ್ಕೆ 150 ಅಂದರು, ನಾನು 250 ಅಂದೆ. ಅವರಿನ್ನೂ ಉತ್ತರ ಕೊಟ್ಟಿಲ್ಲ.