ಎಲೆ ಉದುರಿತು ಅಂತ ಆರ್ಕಿಡ್ ಎಸೆಯಬೇಡಿ

ದಾವಣಗೆರೆಯಲ್ಲಿ ಆರ್ಕಿಡ್ ಬೆಳೆಸುವವರಿಗೆ ಒಂದು ಮಾತು. ಡಿಸೆಂಬರಿನಲ್ಲಿ ನನ್ನ ಡೆಂಡ್ರೋಬಿಯಂ ನೊಬಿಲೆ ಅನ್ನೋ ಜಾತಿಯ ಆರ್ಕಿಡ್ ಪೂರ್ತಿ ಬೋಳಾಗಿ ಬರೀ ಕಡ್ಡಿ ಉಳಿದಿತ್ತು. ಸತ್ತೇ ಹೋಯ್ತು ಅಂದುಕೊಂಡು ತಿಪ್ಪೆಗೆ ಹಾಕಿದೆ. ಆಮೇಲೆ ಗೊತ್ತಾಯಿತು, ಅದು ನಿದ್ದೆ ಮಾಡುತ್ತಿತ್ತು ಅಷ್ಟೇ! 350 ರೂಪಾಯಿ ಗಿಡ, ಹೊಟ್ಟೆ ಉರಿಯಲ್ವಾ?

ಮೊದಲು ಕಡ್ಡಿ ಒತ್ತಿ ನೋಡಿ. ಗಟ್ಟಿ ಇದ್ದರೆ ಜೀವ ಇದೆ, ಸ್ವಲ್ಪ ಸುಕ್ಕಾದರೂ ಗಾಬರಿ ಬೇಡ. ಮೆತ್ತಗೆ ಕೊಳೆತಿದ್ದರೆ ಮಾತ್ರ ಕತ್ತರಿಸಿ. ನೊಬಿಲೆಗೆ ಹೂ ಬರುವುದೇ ಎಲೆ ಉದುರಿದ ಕಡ್ಡಿಯಲ್ಲಿ, ಹಾಗಾಗಿ ನೋಡೋಕೆ ಚೆನ್ನಾಗಿಲ್ಲ ಅಂತ ಕತ್ತರಿ ಹಾಕಬೇಡಿ. ನವೆಂಬರಿನಿಂದ ಗೊಬ್ಬರ ನಿಲ್ಲಿಸಿ, ನೀರು ತೀರಾ ಕಮ್ಮಿ ಮಾಡಿ. ಪಾಪ ಅಂತ ದಿನಾ ನೀರು, ಗೊಬ್ಬರ ಕೊಟ್ಟರೆ ಹೂವಿನ ಬದಲು ಗೆಣ್ಣಿನಲ್ಲಿ ಮರಿ ಗಿಡ ಬರುತ್ತದೆ. ಮೊಗ್ಗು ಚೆನ್ನಾಗಿ ಕಂಡ ಮೇಲೆ ನೀರು ಜಾಸ್ತಿ ಮಾಡಿ.

ಫಲೆನಾಪ್ಸಿಸ್ ಅನ್ನೋ ಇನ್ನೊಂದು ಬಗೆಯ ಆರ್ಕಿಡ್ ಕಥೆ ಬೇರೆ. ನೀರು ಕೂಡಿಟ್ಟುಕೊಳ್ಳುವ ಕಡ್ಡಿ ಅದಕ್ಕಿಲ್ಲ, ಒಣಗಿಸಬಾರದು. ಅದು ಕೇಳುವುದು ಕೆಲವು ವಾರ ತಂಪು ರಾತ್ರಿ, 18 ಡಿಗ್ರಿ ಆಸುಪಾಸು. ಚಳಿಗಾಲದಲ್ಲಿ ಹಾಲ್‌ನಿಂದ ವರಾಂಡಕ್ಕೆ ತಂದಿಡಿ. ಚಳಿ ತಡವಾದ ವರ್ಷ ಹೂದಂಟೂ ತಡವಾಗುತ್ತದೆ, ಹೋದ ವರ್ಷದ ತಿಂಗಳು ಲೆಕ್ಕ ಹಾಕಿ ಕೂರಬೇಡಿ.

ಮಾರ್ಚ್ ಬಂತೆಂದರೆ ನಮ್ಮೂರ ಬಿಸಿಲು ಗೊತ್ತಲ್ಲ. ಒಣ ಗಾಳಿಗೆ ಮೊಗ್ಗು ಉದುರುತ್ತದೆ. ಹಸಿರು ನೆರಳು ಬಲೆ ಕಟ್ಟಿ, ಕುಂಡದ ಕೆಳಗೆ ಜಲ್ಲಿ ಹಾಕಿದ ತಟ್ಟೆಯಲ್ಲಿ ನೀರು ಇಡಿ. ಬೇರು ಮಾತ್ರ ಆ ನೀರಿಗೆ ತಾಗಬಾರದು.